ನಾಲಗೆಯ ನೆನಪು

ಅಜ್ಜಿಯ ಕಾಲದ ಸಾರಿನ ಪುಡಿಯನ್ನು ಮೊಮ್ಮಗಳು ಮತ್ತೆ ಮಾಡಹೊರಟಾಗ ಮನೆಯಲ್ಲಿ ಏನು ನಡೆಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಜೀರಿಗೆ, ಮೆಂತ್ಯಗಳ ತೂಕ ಹಳೆಯ ಚೀಟಿಯಲ್ಲಿ ಬರೆದಿರುತ್ತದೆ. ಚೀಟಿಯಲ್ಲಿದ್ದಂತೆಯೇ ಹುರಿದು ಪುಡಿ ಮಾಡಿದ್ದೂ ಆಗುತ್ತದೆ. ಊಟಕ್ಕೆ ಕುಳಿತ ತಾತ ಮೊದಲ ತುತ್ತಿಗೇ ತಲೆಯಾಡಿಸಿ, "ಚೆನ್ನಾಗಿದೆಯಮ್ಮ, ಆದರೆ ಅದಲ್ಲ" ಎನ್ನುತ್ತಾರೆ. ಏನು ಕಡಮೆಯಾಗಿದೆ ಎಂದು ಕೇಳಿದರೆ ಅವರಿಗೂ ಹೇಳಲು ಬಾರದು. ಚೀಟಿಗೆ ಇಳಿಯದ ಏನೋ ಒಂದು ಅಜ್ಜಿಯೊಡನೆಯೇ ಹೊರಟುಹೋಗಿದೆ. ಹಿರಿಯರು ಅದನ್ನು ಕೈಗುಣವೆಂದು ಕರೆದು ಸುಮ್ಮನಾಗುತ್ತಾರೆ.

ಹಾಗೆ ಸುಮ್ಮನಾಗದ ಜನರೂ ಲೋಕದಲ್ಲಿ ಉಂಟು. ಅಮೆರಿಕ ದೇಶದಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ 'ಬ್ಯಾಲಂಟೈನ್ ಐ.ಪಿ.ಎ.' ಎಂಬ ಕಹಿ ಬಿಯರ್ ಮಾರುಕಟ್ಟೆಯಿಂದ ಮರೆಯಾದಾಗ, ಅದರ ರುಚಿಯನ್ನು ಹೇಗಾದರೂ ಮರಳಿ ಪಡೆಯಬೇಕೆಂದು ಹವ್ಯಾಸಿಗಳು ತಮ್ಮ ಅಡಿಗೆಮನೆಯ ಒಲೆಯ ಮೇಲೆಯೇ ಪಾತ್ರೆ ಏರಿಸಿದರು. ಅವರ ಕೈಯಲ್ಲಿ ಪೂರ್ಣವಾದ ಚೀಟಿಯೂ ಇರಲಿಲ್ಲ. ಇದ್ದುದು ಕೆಲವು ಅಂಕಿಗಳು, ಕೆಲವು ಹಳೆಯ ಜಾಹೀರಾತುಗಳು ಮತ್ತು ಕುಡಿದವರ ನೆನಪು. ಕಳೆದುಹೋದ ರುಚಿಯೊಂದನ್ನು ಲೆಕ್ಕಾಚಾರದಿಂದ ಎಷ್ಟು ದೂರ ಬೆನ್ನಟ್ಟಬಹುದು ಎಂಬುದಕ್ಕೆ ಅವರ ಪ್ರಯತ್ನ ಒಳ್ಳೆಯ ನಿದರ್ಶನ.

ಹೆಸರಿನಲ್ಲಿ ಇಂಡಿಯಾ

ಐ.ಪಿ.ಎ. ಎಂದರೆ 'ಇಂಡಿಯಾ ಪೇಲ್ ಏಲ್'. ತುಸು ಬೆಚ್ಚಗಿನ ಹವೆಯಲ್ಲಿ ಹುದುಗುವ ಬಿಯರಿಗೆ ಏಲ್ ಎಂದು ಹೆಸರು. ಪೇಲ್ ಎಂದರೆ ತಿಳಿಬಣ್ಣದ್ದು. ಇಂಗ್ಲೆಂಡಿನ ಪಾನೀಯಕ್ಕೆ ಇಂಡಿಯಾದ ಹೆಸರು ಬಂದುದು ವ್ಯಾಪಾರದ ದೆಸೆಯಿಂದ. 18ನೆಯ ಶತಮಾನದ ಕೊನೆಯ ವೇಳೆಗೆ ಲಂಡನ್ನಿನ ಬೋ ಎಂಬ ಸ್ಥಳದಲ್ಲಿದ್ದ ಹಾಡ್ಜ್‌ಸನ್ನನ ಕಾರ್ಖಾನೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪೀಪಾಯಿಗಟ್ಟಲೆ ಬಿಯರನ್ನು ಹೊತ್ತು, ಗುಡ್‌ಹೋಪ್ ಭೂಶಿರವನ್ನು ಬಳಸಿ, ತಿಂಗಳುಗಟ್ಟಲೆ ತೇಲಿ, ಕಲಕತ್ತೆ, ಮದರಾಸು, ಮುಂಬಯಿ ರೇವುಗಳನ್ನು ಸೇರುತ್ತಿದ್ದವು. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನ ತಯಾರಕರೂ ಈ ವ್ಯಾಪಾರಕ್ಕೆ ಇಳಿದರು.

ಈ ಬಿಯರಿಗೆ ಹಾಪ್ ಎಂಬ ಬಳ್ಳಿಯ ಹೂವನ್ನು ಧಾರಾಳವಾಗಿ ಹಾಕುತ್ತಿದ್ದರು. ಆ ಹೂವಿನ ಎಸಳುಗಳ ಬುಡದಲ್ಲಿ ಹಳದಿಯ ಅಂಟುಪುಡಿಯೊಂದು ಇರುತ್ತದೆ. ಬಿಯರಿನ ಕಹಿ, ಕಂಪು ಎರಡೂ ಬರುವುದು ಅದರಿಂದಲೇ. ಹುಳಿ ಬರಿಸುವ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವೂ ಅದಕ್ಕೆ ಉಂಟು. ಇಂಡಿಯಾಕ್ಕೆ ಬೇರೆ ಯಾವ ಬಿಯರೂ ಕೆಡದೆ ಬರುತ್ತಿರಲಿಲ್ಲ, ಆದ್ದರಿಂದಲೇ ಇದನ್ನು ಕಂಡುಹಿಡಿದರು ಎಂಬ ಕಥೆ ಮಾತ್ರ ಪೂರ್ತಿ ನಿಜವಲ್ಲ. ಆಂಗ್ಲ ಸೈನಿಕರಿಗಾಗಿ ಪೋರ್ಟರ್ ಎಂಬ ಕಪ್ಪು ಬಿಯರೂ ಅದೇ ಹಡಗುಗಳಲ್ಲಿ ಬರುತ್ತಿತ್ತು. ಆದರೆ ದೀರ್ಘ ಪ್ರಯಾಣದಲ್ಲಿ ತಿಳಿಬಣ್ಣದ ಈ ಬಿಯರ್ ಹದವಾಗಿ ಮಾಗುತ್ತಿತ್ತೆಂಬುದು ನಿಜ.

ಕಾಲಕ್ರಮದಲ್ಲಿ ಇಂಗ್ಲೆಂಡಿನಲ್ಲಿಯೇ ಇದರ ಸತ್ವ ಇಳಿಯಿತು. ಎರಡು ಮಹಾಯುದ್ಧಗಳ ಕಾಲದ ತೆರಿಗೆ ಮತ್ತು ಧಾನ್ಯದ ಅಭಾವಗಳು ಅದನ್ನು ತೆಳ್ಳಗೆ ಮಾಡಿದವು. ಹಳೆಯ ಗಟ್ಟಿತನವನ್ನು ಕಾಪಾಡಿಕೊಂಡು ಬಂದುದು ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿದ್ದ ಒಂದು ಕಾರ್ಖಾನೆ.

ಮೂರು ಬಳೆಗಳ ಮುದ್ರೆ

ಸ್ಕಾಟ್ಲೆಂಡಿನಿಂದ ವಲಸೆ ಬಂದ ಪೀಟರ್ ಬ್ಯಾಲಂಟೈನ್ ಎಂಬಾತ 1840ರಲ್ಲಿ ನ್ಯೂಜರ್ಸಿ ಸಂಸ್ಥಾನದ ನೆವಾರ್ಕ್ ನಗರದಲ್ಲಿ ತನ್ನ ಉದ್ಯಮವನ್ನು ನೆಲೆಗೊಳಿಸಿದನು. ಒಂದರೊಳಗೊಂದು ಹೆಣೆದ ಮೂರು ಬಳೆಗಳು ಅವನ ಸಂಸ್ಥೆಯ ಮುದ್ರೆ. ಒದ್ದೆಯಾದ ಲೋಟವನ್ನು ಮೇಜಿನ ಮೇಲೆ ಮೂರು ಸಲ ಇಟ್ಟೆತ್ತಿದಾಗ ಮೂಡಿದ ಗುರುತುಗಳಿಂದ ಆ ಮುದ್ರೆ ಹುಟ್ಟಿತೆಂದು ಪ್ರತೀತಿ. ಶುದ್ಧಿ, ಸತ್ವ, ಸ್ವಾದ ಎಂದು ಮೂರು ಬಳೆಗಳಿಗೆ ಮೂರು ಅರ್ಥ.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಆ ಹದಿಮೂರು ವರ್ಷಗಳಲ್ಲಿ ಎಷ್ಟೋ ಕಾರ್ಖಾನೆಗಳು ಮುಚ್ಚಿಹೋದವು. ನಿರೋಧ ತೆರವಾದ ವರ್ಷವೇ ಬಾಡೆನ್‌ಹೌಸೆನ್ ಸಹೋದರರು ಬ್ಯಾಲಂಟೈನ್ ಸಂಸ್ಥೆಯನ್ನು ಕೊಂಡು, ಐ.ಪಿ.ಎ.ಯ ತಯಾರಿಕೆಯನ್ನೂ ಮುಂದುವರಿಸಿದರು. ದೇಶದ ಬಹುಪಾಲು ಜನರು ತೆಳ್ಳಗಿನ, ತಿಳಿಯಾದ, ಕಹಿಯಿಲ್ಲದ ಲಾಗರ್ ಬಿಯರಿಗೆ ಒಗ್ಗಿಹೋಗಿದ್ದ ಕಾಲದಲ್ಲಿ, ನೂರಕ್ಕೆ ಏಳೂವರೆಯಷ್ಟು ಮದ್ಯಸಾರವಿದ್ದ ಈ ಕಹಿ ಪಾನೀಯ ಒಂಟಿಯಾಗಿ ಉಳಿದುಬಂತು.

ಅದರ ತಯಾರಿಕೆಯಲ್ಲಿ ಎರಡು ವಿಶೇಷಗಳಿದ್ದವು. ಹುದುಗಿ ಸಿದ್ಧವಾದ ಬಿಯರನ್ನು ದೊಡ್ಡ ದೊಡ್ಡ ಮರದ ತೊಟ್ಟಿಗಳಲ್ಲಿ ಒಂದು ವರ್ಷ ಕಾಲ ಮಾಗಲು ಬಿಡುತ್ತಿದ್ದುದು ಮೊದಲನೆಯದು. ಎರಡನೆಯದು ಹಾಪ್ ಹೂವಿನ ಎಣ್ಣೆ. ವರ್ಷಗಟ್ಟಲೆ ಇಟ್ಟ ಬಿಯರಿನಲ್ಲಿ ಕಹಿ ಮೆತ್ತಗಾಗುತ್ತದೆ. ಆದರೆ ಹೂವಿನ ಕಂಪೂ ಅದರೊಡನೆ ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು, ಮಲ್ಲಿಗೆಯಿಂದ ಅತ್ತರು ತೆಗೆಯುವಂತೆ, ಹಾಪ್ ಹೂವಿನಿಂದ ಸುಗಂಧತೈಲವನ್ನು ಬಟ್ಟಿಯಿಳಿಸಿ ಬೆರೆಸುತ್ತಿದ್ದರು. ವೃದ್ಧಾಪ್ಯದ ಮೃದುತ್ವ, ಯೌವನದ ಕಂಪು ಎರಡೂ ಒಂದೇ ಲೋಟದಲ್ಲಿ ಸೇರಿದ್ದುದೇ ಅದರ ಹೆಗ್ಗಳಿಕೆ.

ಮನೆ ಬದಲಾದಂತೆ ರುಚಿ

1972ರಲ್ಲಿ ನೆವಾರ್ಕಿನ ಕಾರ್ಖಾನೆ ಮುಚ್ಚಿತು. ಹೆಸರು ಮಾತ್ರ ಬೇರೊಂದು ಸಂಸ್ಥೆಗೆ ಮಾರಾಟವಾಗಿ, ಬಿಯರ್ ಮೊದಲು ರೋಡ್ ಐಲೆಂಡ್ ಸಂಸ್ಥಾನದ ಕ್ರಾನ್‌ಸ್ಟನ್ನಿನಲ್ಲಿಯೂ ಅನಂತರ ಇಂಡಿಯಾನ ಸಂಸ್ಥಾನದ ಫೋರ್ಟ್ ವೇನಿನಲ್ಲಿಯೂ ತಯಾರಾಗತೊಡಗಿತು. ಪ್ರತಿ ಸ್ಥಳಾಂತರದಲ್ಲಿಯೂ ಅದು ಏನಾದರೊಂದನ್ನು ಕಳೆದುಕೊಂಡಿತು. ಒಂದು ವರ್ಷದ ಮಾಗುವಿಕೆ ಕೆಲವು ತಿಂಗಳಿಗೆ ಇಳಿಯಿತು, ಕಹಿ ಇಳಿಯಿತು, ಮದ್ಯಸಾರವೂ ಇಳಿಯಿತು. ತೊಟ್ಟಿಯಲ್ಲಿ ವರ್ಷಗಟ್ಟಲೆ ಸರಕು ಕುಳಿತಿರುವುದೆಂದರೆ ಹಣವೂ ಅಲ್ಲಿಯೇ ಕುಳಿತಿದ್ದಂತೆ. ಲೆಕ್ಕದ ಪುಸ್ತಕಕ್ಕೆ ಅದು ಹಿಡಿಸದ ಮಾತು. 1990ರ ದಶಕದ ನಡುವೆ ಬ್ಯಾಲಂಟೈನ್ ಐ.ಪಿ.ಎ. ಅಂಗಡಿಗಳಿಂದ ಪೂರ್ಣವಾಗಿ ಮಾಯವಾಯಿತು.

ಇಷ್ಟರಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. ಪಾನನಿರೋಧ ತೆರವಾದಾಗ ಮನೆಯಲ್ಲಿ ದ್ರಾಕ್ಷಾರಸ ಮಾಡಿಕೊಳ್ಳಲು ಇದ್ದ ವಿನಾಯಿತಿ ಬಿಯರಿಗೆ ದೊರೆತಿರಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ ಅದನ್ನು ಸರಿಪಡಿಸಿತು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇರುವ ಮನೆಗೆ 200 ಗ್ಯಾಲನ್ ಬಿಯರನ್ನು, ಮಾರದೆ, ತಮ್ಮ ಉಪಯೋಗಕ್ಕಾಗಿ ಮಾಡಿಕೊಳ್ಳಲು ತೆರಿಗೆಯ ಅಡ್ಡಿಯಿಲ್ಲವೆಂದಾಯಿತು. ಪ್ರತಿಯೊಂದು ಸಂಸ್ಥಾನವೂ ತನ್ನ ಕಾನೂನನ್ನು ಇದಕ್ಕೆ ಹೊಂದಿಸಿಕೊಳ್ಳಬೇಕಾಗಿತ್ತು. ಕೊನೆಯ ಎರಡಾದ ಅಲಬಾಮ ಮತ್ತು ಮಿಸಿಸಿಪಿ ಒಪ್ಪಿದ್ದು 2013ರಲ್ಲಿ. ಅಂತೂ, ದೊಡ್ಡ ಕಾರ್ಖಾನೆಗಳು ಹಳೆಯ ರುಚಿಗಳನ್ನು ಒಂದೊಂದಾಗಿ ಕೈಬಿಡುತ್ತಿದ್ದ ಕಾಲಕ್ಕೇ ಅಡಿಗೆಮನೆಗಳಿಗೆ ಅವನ್ನು ಎತ್ತಿಕೊಳ್ಳುವ ಅಧಿಕಾರ ದೊರೆಯಿತು.

ಒಲೆಯ ಮೇಲಿನ ವಿಜ್ಞಾನ

ಮನೆಯ ತಯಾರಕನ ಒಂದು ಪಾಕವೆಂದರೆ ಸಾಮಾನ್ಯವಾಗಿ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಬ್ಯಾಲಂಟೈನಿನಂತಹ ಗಟ್ಟಿ ಏಲ್ ಆಗಬೇಕಾದರೆ ಅಷ್ಟಕ್ಕೆ ಐದೂವರೆಯಿಂದ ಆರು ಕಿಲೋಗ್ರಾಮಿನಷ್ಟು ಮಾಲ್ಟ್ ಬೇಕು. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಾಡಿದ ಗಂಜಿ ಸಾಮಾನ್ಯ ಗಂಜಿಗಿಂತ ತೆಳ್ಳಗೆ, ಸಿಹಿಯಾಗಿ ಇರುವುದನ್ನು ಮಗುವಿಗೆ ಉಣಿಸಿದ ತಾಯಂದಿರೆಲ್ಲ ಬಲ್ಲರು. ಮೊಳಕೆಯೊಡೆದ ಕಾಳಿನ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವುದೇ ಅದಕ್ಕೆ ಕಾರಣ. ಬಿಯರಿನ ಮೊದಲ ಹಂತವೂ ಇದೇ. ತರಿ ಮಾಡಿದ ಮಾಲ್ಟನ್ನು 66 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸುತ್ತಾರೆ. ಇಲ್ಲಿ ಮೂರು ನಾಲ್ಕು ಡಿಗ್ರಿಗಳ ವ್ಯತ್ಯಾಸವೂ ಅಲ್ಪವಲ್ಲ. ಬಿಸಿ ಹೆಚ್ಚಾದರೆ ಹುದುಗದ ಸಕ್ಕರೆ ಉಳಿದು ಬಿಯರ್ ಮಂದವಾಗುತ್ತದೆ. ಕಡಮೆಯಾದರೆ ಸಿಹಿಯೆಲ್ಲ ಹುದುಗಿಹೋಗಿ ತೆಳ್ಳಗಾಗುತ್ತದೆ.

ಸೋಸಿ ತೆಗೆದ ಸಿಹಿನೀರನ್ನು ಅನಂತರ ಒಂದು ಗಂಟೆಗೂ ಹೆಚ್ಚು ಕಾಲ ಕುದಿಸುತ್ತಾರೆ. ಹಾಪ್ ಹಾಕುವ ಹೊತ್ತು ಒಗ್ಗರಣೆಯ ಹೊತ್ತಿನಷ್ಟೇ ಮುಖ್ಯ. ಕುದಿಯ ಆರಂಭದಲ್ಲಿ ಹಾಕಿದ ಹೂ ತನ್ನ ಕಹಿಯನ್ನೆಲ್ಲ ಕೊಟ್ಟು ಕಂಪನ್ನು ಹಬೆಗೆ ಬಿಡುತ್ತದೆ. ಇಳಿಸುವ ಮುನ್ನ ಹಾಕಿದ ಹೂ ಕಹಿಯನ್ನು ಅಷ್ಟಾಗಿ ಕೊಡದು, ಕಂಪನ್ನು ಉಳಿಸುತ್ತದೆ. ಬೇಗನೆ ತಣಿಸಿದ ಮೇಲೆ ಯೀಸ್ಟ್ ಬೆರೆಸಿ, ಇಪ್ಪತ್ತು ಡಿಗ್ರಿಯ ಸಮೀಪದಲ್ಲಿ ಒಂದೆರಡು ವಾರ ಹುದುಗಲು ಬಿಡಬೇಕು. ದೋಸೆಯ ಹಿಟ್ಟನ್ನು ಉಬ್ಬಿಸುವಂತಹ ಸೂಕ್ಷ್ಮಜೀವಿಗಳ ಕೆಲಸವೇ ಇದು. ಆದರೆ ಇಲ್ಲಿ ಕರೆಯದ ಅತಿಥಿಗಳಿಗೆ ಪ್ರವೇಶವಿಲ್ಲ. ಪಾತ್ರೆ, ಸೌಟು, ಕೊಳವೆ ಎಲ್ಲವೂ ರೋಗಾಣುಮುಕ್ತವಾಗಿರಬೇಕು.

ಹಾಲಿಗೆ ನೀರು ಬೆರೆತಿದೆಯೆ ಎಂದು ನೋಡುವ ಲ್ಯಾಕ್ಟೋಮೀಟರಿನ ದಾಯಾದಿಯಾದ ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿ ಮನೆಯ ತಯಾರಕನ ಬಲಗೈ. ಹುದುಗುವ ಮೊದಲು ಸಿಹಿನೀರಿನ ಸಾಪೇಕ್ಷ ಸಾಂದ್ರತೆ 1.072 ಇದ್ದು, ಹುದುಗಿದ ಮೇಲೆ 1.016ಕ್ಕೆ ಇಳಿದಿದ್ದರೆ, ಆ ಇಳಿತವನ್ನು 131ರಿಂದ ಗುಣಿಸಿದಾಗ ಮದ್ಯಸಾರ ನೂರಕ್ಕೆ 7.3ರಷ್ಟು ಎಂದು ತಿಳಿಯುತ್ತದೆ. ಕಹಿಗೂ ಒಂದು ಅಳತೆ ಉಂಟು. ಲೀಟರಿನಲ್ಲಿ ಕರಗಿರುವ ಹಾಪಿನ ಕಹಿದ್ರವ್ಯ ಒಂದು ಮಿಲಿಗ್ರಾಮಾದರೆ ಅದು ಹೆಚ್ಚುಕಡಮೆ ಒಂದು ಅಂಶ. ಬ್ಯಾಲಂಟೈನಿನ ಒಳ್ಳೆಯ ದಿನಗಳಲ್ಲಿ ಈ ಅಂಶ ಅರವತ್ತರಷ್ಟಿತ್ತು.

ಅಂಕಿ ಸಿಕ್ಕಿತು, ರುಚಿ ಸಿಕ್ಕಲಿಲ್ಲ

ಹೀಗೆ ಮದ್ಯಸಾರವನ್ನೂ ಕಹಿಯನ್ನೂ ಬಣ್ಣವನ್ನೂ ಸರಿಗಟ್ಟಿಸುವುದು ಅಷ್ಟು ಕಷ್ಟವಲ್ಲ. ಕಷ್ಟ ಆರಂಭವಾಗುವುದು ಅನಂತರ. ಅರವತ್ತು ಅಂಶದ ಕಹಿಯನ್ನು ಯಾವ ಹಾಪಿನಿಂದಲೂ ಪಡೆಯಬಹುದು. ಆದರೆ ಒಂದೊಂದು ತಳಿಯ ಕಂಪೂ ಬೇರೆ. ಹಳೆಯ ಬ್ಯಾಲಂಟೈನಿನ ಪರಿಮಳಕ್ಕೆ ಕಾರಣವೆಂದು ಬಲ್ಲವರು ಹೇಳುತ್ತಿದ್ದುದು ಬುಲಿಯನ್ ಎಂಬ ತಳಿ. ಕೆನಡಾದ ಮ್ಯಾನಿಟೋಬದಿಂದ ತಂದ ಕಾಡುಹಾಪಿನ ಸಂತತಿಯಾಗಿ ಇಂಗ್ಲೆಂಡಿನ ವೈ ಕಾಲೇಜಿನಲ್ಲಿ ಪ್ರೊಫೆಸರ್ ಸ್ಯಾಮನ್ ಬೆಳೆಸಿದ ತಳಿ ಅದು. ಹೆಚ್ಚು ಕಹಿ ಕೊಡುವ ಹೊಸ ತಳಿಗಳು ಬಂದ ಮೇಲೆ ರೈತರು ಬುಲಿಯನ್ನನ್ನು ಕಿತ್ತುಹಾಕಿದರು. ಇಂದು ಅದು ಅಪರೂಪ. ಬಿಯರ್ ಹೋದರೆ ಮತ್ತೆ ಮಾಡಬಹುದೆನ್ನೋಣ, ಬಳ್ಳಿಯೇ ಹೋದರೆ?

ಮರದ ತೊಟ್ಟಿಯದೂ ಇಂತಹುದೇ ಒಗಟು. ಮರದಲ್ಲಿ ಮಾಗಿತೆಂದ ಮಾತ್ರಕ್ಕೆ ಮರದ ರುಚಿ ಇತ್ತೆಂದು ಹೇಳಲಾಗದು. ತೊಟ್ಟಿಯ ಒಳಮೈಗೆ ರಾಳ ಬಳಿಯುವ ಪದ್ಧತಿ ಬಿಯರ್ ಕಾರ್ಖಾನೆಗಳಲ್ಲಿ ಇತ್ತು. ಹಾಗಾದರೆ ಅನುಕರಣೆಯ ಪಾಕಕ್ಕೆ ಓಕ್ ಮರದ ಚಕ್ಕೆ ಹಾಕಬೇಕೆ, ಬೇಡವೆ? ಕಾಗದದಲ್ಲಿ ಉತ್ತರವಿಲ್ಲ. ಯೀಸ್ಟಿನ ವಿಷಯದಲ್ಲಿ ಮಾತ್ರ ದೈವ ಕೊಂಚ ಕರುಣೆ ತೋರಿದಂತಿದೆ. ಇಂದು ಅಮೆರಿಕದ ಮನೆಮನೆಯ ತಯಾರಕರು ಉಪಯೋಗಿಸುವ ಬಹು ಪ್ರಚಲಿತವಾದ ಏಲ್ ಯೀಸ್ಟಿನ ಮೂಲ ಬ್ಯಾಲಂಟೈನ್ ಕಾರ್ಖಾನೆಯದೇ ಎಂಬ ನಂಬಿಕೆ ಅವರಲ್ಲಿ ಹರಡಿದೆ. ಅದು ನಿಜವಾಗಿದ್ದರೆ, ಕಾರ್ಖಾನೆ ಮುಚ್ಚಿದರೂ ಅದರ ಹುದುಗು ಸಾವಿರಾರು ಮನೆಗಳಲ್ಲಿ ಜೀವ ಉಳಿಸಿಕೊಂಡಿದೆ ಎಂದಾಯಿತು.

ಇನ್ನೂ ಮಾರಾಟದಲ್ಲಿರುವ ಬಿಯರನ್ನು ಅನುಕರಿಸುವವನಿಗೆ ಒಂದು ನಿಷ್ಪಕ್ಷಪಾತ ಪರೀಕ್ಷೆ ಉಂಟು. ಮೂರು ಲೋಟಗಳಲ್ಲಿ ಎರಡಕ್ಕೆ ಒಂದೇ ಬಿಯರ್, ಮೂರನೆಯದಕ್ಕೆ ಮತ್ತೊಂದು. ಯಾವುದು ಬೇರೆ ಎಂದು ರುಚಿ ನೋಡುವವರು ಹೇಳಬೇಕು. ಊಹೆಯಿಂದಲೇ ಹೇಳಿದರೂ ಮೂವರಲ್ಲಿ ಒಬ್ಬರದು ಸರಿಯಾಗುವ ಸಂಭವವಿದೆ. ಅದಕ್ಕಿಂತ ಬಹಳ ಹೆಚ್ಚು ಮಂದಿ ಸರಿಯಾಗಿ ಗುರುತಿಸಿದರೆ ಅನುಕರಣೆ ಇನ್ನೂ ಪಕ್ವವಾಗಿಲ್ಲವೆಂದು ಅರ್ಥ. ಆಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಪಾಕ ಎತ್ತಬೇಕು. ಹಾಪ್, ಮಾಲ್ಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು. ಆದರೆ ಬ್ಯಾಲಂಟೈನಿನ ಹಿಂದೆ ಬಿದ್ದವರಿಗೆ ಈ ಪರೀಕ್ಷೆಯ ಭಾಗ್ಯವೂ ಇರಲಿಲ್ಲ. ಹೋಲಿಸಿ ನೋಡಲು ಮೂಲದ ಲೋಟವೇ ಬರಿದಾಗಿತ್ತು.

ಎರಡು ಡಜನ್ ಪಾಕಗಳು

ಬ್ಯಾಲಂಟೈನ್ ಎಂಬ ಹೆಸರಿನ ಒಡೆತನ ಕಾಲಾಂತರದಲ್ಲಿ ಪ್ಯಾಬ್ಸ್ಟ್ ಸಂಸ್ಥೆಗೆ ಬಂದಿತ್ತು. ಹಳೆಯ ಐ.ಪಿ.ಎ.ಯನ್ನು ಪುನಃ ತಯಾರಿಸಲು ಆ ಸಂಸ್ಥೆ ಮನಸ್ಸು ಮಾಡಿದಾಗ ಅದರ ಮುಖ್ಯ ತಯಾರಕ ಗ್ರೆಗ್ ಡ್ಯೂಸ್‌ಗೆ ಎದುರಾದ ಮೊದಲ ಸಂಗತಿಯೆಂದರೆ, ಮೂಲ ಪಾಕದ ವಿಧಾನ ಎಲ್ಲಿಯೂ ಸಿಕ್ಕಲಿಲ್ಲ. ಸಿಕ್ಕಿದ್ದು 1930ರ ದಶಕದಿಂದೀಚಿನ ಪ್ರಯೋಗಶಾಲೆಯ ವರದಿಗಳು. ಮದ್ಯಸಾರ ಎಷ್ಟು, ಕಹಿ ಎಷ್ಟು, ಸಾಂದ್ರತೆ ಎಷ್ಟು ಎಂಬ ಅಂಕಿಗಳು.

ಕೈಕೆಳಗೆ ದೊಡ್ಡ ಕಾರ್ಖಾನೆಗಳ ಸೌಕರ್ಯವಿದ್ದರೂ ಡ್ಯೂಸ್ ಹಿಡಿದ ದಾರಿ ಮನೆಯ ತಯಾರಕನದೇ. ಮಿಲ್ವಾಕಿ ನಗರದ ಸಮೀಪದ ತನ್ನ ಮನೆಯಲ್ಲಿ ಐದೈದು ಗ್ಯಾಲನ್ನಿನ ಪಾಕಗಳನ್ನು ಎತ್ತತೊಡಗಿದನು. ಎರಡು ಡಜನ್ನಿಗೂ ಮೀರಿ ಪಾಕಗಳಾದವು. ಹಾಪ್ ತಳಿಗಳೇ ಎಂಟು, ಮಾಲ್ಟುಗಳು ನಾಲ್ಕು, ಓಕ್ ಚಕ್ಕೆಯ ಸಂಸರ್ಗ, ಕೊನೆಗೆ ಹಳೆಯ ಸಂಪ್ರದಾಯದಂತೆ ಹಾಪ್ ಎಣ್ಣೆ. ಅಂಕಿಗಳು ತೋರಿಸಲಾರದ ದಾರಿಯನ್ನು ತೋರಿಸಿದವರು ಯಾರು? ಹಿಂದೆ ಆ ಬಿಯರನ್ನು ಕುಡಿದು ಇನ್ನೂ ಬದುಕಿದ್ದ ಜನರು. ಅವರ ಮಾತನ್ನು ಕೇಳಿ ತಿದ್ದುತ್ತ, ತಿದ್ದಿದ್ದನ್ನು ಮತ್ತೆ ಪರೀಕ್ಷಿಸುತ್ತ ಡ್ಯೂಸ್ ಮುಂದುವರಿದನು. ಕಡೆಗೆ 2014ರಲ್ಲಿ, ನೂರಕ್ಕೆ 7.2ರ ಮದ್ಯಸಾರ ಮತ್ತು ಎಪ್ಪತ್ತು ಅಂಶದ ಕಹಿಯೊಡನೆ, ಮೂರು ಬಳೆಗಳ ಮುದ್ರೆ ಹೊತ್ತ ಬಾಟಲಿ ಮತ್ತೆ ಅಮೆರಿಕದ ಅಂಗಡಿಗಳಲ್ಲಿ ಕಾಣಿಸಿಕೊಂಡಿತು.

ಅದು ಅದೇ ಬಿಯರೆ? ಈ ಪ್ರಶ್ನೆಗೆ ಪ್ರಮಾಣಸಹಿತ ಉತ್ತರವಿರಲಾರದು. ಬಳ್ಳಿ ಬದಲಾಗಿದೆ, ನೀರು ಬದಲಾಗಿದೆ, ತೊಟ್ಟಿ ಬದಲಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ ಕುಡಿಯುವವನ ನಾಲಗೆಯೂ ನಲವತ್ತು ವರ್ಷ ಹಳೆಯದಾಗಿದೆ. ಯೌವನದಲ್ಲಿ ಕುಡಿದ ಬಿಯರಿನೊಡನೆ ಯೌವನದ ರುಚಿಯೂ ಬೆರೆತಿರುತ್ತದೆ. ಅದನ್ನು ಯಾವ ಹೈಡ್ರೋಮೀಟರೂ ಅಳೆಯದು. ಆದರೆ ಆ ನಾಲಗೆಗಳೂ ಇಲ್ಲವಾಗಿದ್ದರೆ ಡ್ಯೂಸ್ ಬಳಿ ಉಳಿಯುತ್ತಿದ್ದುದು ಬರಿಯ ಅಂಕಿಗಳು. ಒಂದು ತಲೆಮಾರು ತಡವಾಗಿದ್ದರೆ "ಅದಲ್ಲ" ಎಂದು ಹೇಳುವವರೂ ಇರುತ್ತಿರಲಿಲ್ಲ, "ಈಗ ಹತ್ತಿರ ಬಂತು" ಎನ್ನುವವರೂ ಇರುತ್ತಿರಲಿಲ್ಲ. ಕೈಗುಣವೆಂಬುದು ಕೈಯಲ್ಲಿ ಹುಟ್ಟಿದರೂ ಅದರ ದಾಖಲೆ ಇರುವುದು ಉಂಡವರ ನಾಲಗೆಯಲ್ಲಿ.

ಇಂಡಿಯಾದ ಹೆಸರು ಹೊತ್ತು ಅಮೆರಿಕದಲ್ಲಿ ಬದುಕಿದ ಐ.ಪಿ.ಎ. ಇಂದು ಬೆಂಗಳೂರಿನ ಕಿರು ಬಿಯರ್ ಕಾರ್ಖಾನೆಗಳ ಪಟ್ಟಿಯಲ್ಲಿಯೂ ಕಾಣುತ್ತದೆ. ಊರೂರು ಅಲೆದು ಹೆಸರಿನ ತವರಿಗೆ ಮರಳಿದಂತೆ. ಆದರೆ ಅಮೆರಿಕದ ಕಾನೂನು ಕನ್ನಡನಾಡಿನ ಕಾನೂನಲ್ಲ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಮಿಲ್ವಾಕಿಯ ಪಾಕ ಇಲ್ಲಿನ ಅಡಿಗೆಮನೆಗೆ ಬರುವಂತಿಲ್ಲ.

ಅದರ ವಿಧಾನ ಮಾತ್ರ ಧಾರಾಳವಾಗಿ ಬರಬಹುದು. ಚೀಟಿಯ ತೂಕಕ್ಕೆ ಸರಿಯಾಗಿ ಸಾರಿನ ಪುಡಿ ಮಾಡಿ ಸೋತ ಮೊಮ್ಮಗಳು ನಿರಾಶಳಾಗಬೇಕಾಗಿಲ್ಲ. ಮುಂದಿನ ಸಲ ಕೊತ್ತಂಬರಿ ಬೀಜವನ್ನು ಕೊಂಚ ಹೆಚ್ಚು ಹುರಿದು ನೋಡಲಿ. ಅದರ ಮುಂದಿನ ಸಲ ಮೆಣಸಿನಕಾಯಿಯ ತಳಿಯನ್ನು ಬದಲಿಸಲಿ. ಒಂದು ಸಲಕ್ಕೆ ಒಂದನ್ನೇ. ಪ್ರತಿ ಸಲವೂ ಏನು ಬದಲಾಯಿತೆಂದು ಚೀಟಿಯ ಹಿಂಬದಿಯಲ್ಲಿ ಬರೆದಿಡಲಿ. ಎರಡು ಡಜನ್ ಸಲವಾದರೂ ಆಗಲಿ. ಆದರೆ ಈ ಕೆಲಸವನ್ನು ನಾಳೆಗೆ ಮುಂದೂಡುವುದು ಬೇಡ. "ಅದಲ್ಲ" ಎಂದು ತಲೆಯಾಡಿಸುವ ತಾತ ಇನ್ನೂ ಊಟಕ್ಕೆ ಕುಳಿತಿದ್ದಾರೆ.